ಅನುದಾನದ ಲೆಕ್ಕ ಯಾರಿಗೆ ಒಪ್ಪಿಸಬೇಕು?



ನಮ್ಮ ನಾಡಿನಲ್ಲಿ ಶಾಲೆಗಳು ಮೂರು ಬಗೆ. ಸರಕಾರವೇ ಕಟ್ಟಿ ಸರಕಾರವೇ ನಡೆಸುವವು ಒಂದು ಬಗೆ. ಖಾಸಗಿಯವರು ಕಟ್ಟಿ ಮಕ್ಕಳ ಫೀಯಿಂದಲೇ ನಡೆಸುವವು ಇನ್ನೊಂದು ಬಗೆ. ಇವೆರಡರ ನಡುವೆ ಮೂರನೆಯದೊಂದುಂಟು. ಅದರ ನೆಲ, ಕಟ್ಟಡ, ಹೆಸರು, ಆಡಳಿತ ಇವೆಲ್ಲವೂ ಒಂದು ಸಂಘಕ್ಕೋ ಮಠಕ್ಕೋ ಸೇರಿದವು. ಶಿಕ್ಷಕರ ಸಂಬಳ ಮಾತ್ರ ಸರಕಾರದ ಬೊಕ್ಕಸದಿಂದ ಬರುವಂಥದು. ಇದನ್ನು ಅನುದಾನಿತ ಶಾಲೆ ಎನ್ನುತ್ತೇವೆ. ಆಳುವ ಕೈ ಒಂದು, ಕೊಡುವ ಕೈ ಮತ್ತೊಂದು. ಈ ಎರಡು ಕೈಗಳ ನಡುವಿನ ಲೆಕ್ಕ ಹೇಗೆ ನಡೆದಿದೆ, ಹೇಗೆ ನಡೆಯಬೇಕು ಎಂಬುದೇ ಈ ಲೇಖನದ ವಿಷಯ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ವಾಚಕರಿಗೆ ಇದು ದೂರದ ಮಾತಲ್ಲ. ನಿಪ್ಪಾಣಿ ಮೊದಲು ಚಿಕ್ಕೋಡಿಯಲ್ಲಿಯೂ ಕಾಗವಾಡ ಅಥಣಿಯಲ್ಲಿಯೂ ಸೇರಿದ್ದು, ಈಚಿನ ವರ್ಷಗಳಲ್ಲಿ ಬೇರೆ ತಾಲೂಕುಗಳಾದವು. ಶಿಕ್ಷಣ ಇಲಾಖೆಯ ಆಡಳಿತದಲ್ಲಿ ಐದೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಒಳಪಟ್ಟಿವೆ; ಉಪನಿರ್ದೇಶಕರ ಕಚೇರಿ ಚಿಕ್ಕೋಡಿಯಲ್ಲಿದೆ. ಈ ಭಾಗದಲ್ಲಿ ಕನ್ನಡ ಮಾಧ್ಯಮದ ಅನುದಾನಿತ ಶಾಲೆಗಳೂ ಇವೆ, ಮರಾಠಿ ಮಾಧ್ಯಮದವೂ ಇವೆ. ಕಬ್ಬು ಕಡಿಯುವವನ ಮಗ, ಬೀಡಿ ಕಟ್ಟುವವಳ ಮಗಳು ಹೆಚ್ಚಿನ ಫೀ ತೆರದೆ ಹತ್ತನೆಯ ಇಯತ್ತೆಯವರೆಗೆ ಓದಲು ಆಸರೆಯಾದ ಶಾಲೆಗಳಿವು. ಆದಕಾರಣ ಇವುಗಳ ಲೆಕ್ಕ ಕೆಟ್ಟರೆ ಕೆಡುವುದು ಬರಿಯ ಕೀರ್ದಿ ಪುಸ್ತಕವಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಅನುದಾನದ ನಿಯಮಗಳು ಕಡಿಮೆಯೇನೂ ಇಲ್ಲ. ಆದರೆ ಆ ನಿಯಮಗಳೆಲ್ಲ ಲೆಕ್ಕವನ್ನು ಮೇಲಕ್ಕೆ ಮಾತ್ರ ಏರಿಸುತ್ತವೆ. ಮುಖ್ಯಾಧ್ಯಾಪಕರಿಂದ ಆಡಳಿತ ಮಂಡಳಿಗೆ, ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಉಪನಿರ್ದೇಶಕರಿಗೆ, ಲೆಕ್ಕ ತಪಾಸಣೆಯವರಿಗೆ ಅದು ಹೋಗುತ್ತದೆ. ಮಗುವನ್ನು ಶಾಲೆಗೆ ಕಳಿಸುವ ಪಾಲಕನ ಕಡೆಗೆ, ಶಾಲೆಗೆಂದು ಜಾಗ ಬಿಟ್ಟುಕೊಟ್ಟ ಊರಿನ ಕಡೆಗೆ ಅದು ಇಳಿದು ಬರುವುದೇ ಇಲ್ಲ. ಉಳಿದ ದೋಷಗಳಲ್ಲಿ ಹೆಚ್ಚಿನವು ಈ ಒಂದು ಮೂಲ ದೋಷದಿಂದ ಹುಟ್ಟಿದವು.

ಅನುದಾನ ಹುಟ್ಟಿದ ಬಗೆ

ಅನುದಾನವೆಂಬುದು ಇಂದಿನ ಕಲ್ಪನೆಯಲ್ಲ. 1854ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲಕ್ಕೆ ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣದ ಖಲೀತೆಯಲ್ಲಿ ಅದು ಮೊದಲು ನೀತಿಯಾಗಿ ಬಂತು. ಎಲ್ಲ ಶಾಲೆಗಳನ್ನೂ ಸರಕಾರವೇ ನಡೆಸಲಾರದು. ಊರಿನವರು ಶಾಲೆ ಕಟ್ಟಿದರೆ, ತಪಾಸಣೆಗೆ ಒಪ್ಪಿದರೆ, ವೆಚ್ಚದ ಒಂದು ಪಾಲನ್ನು ಸರಕಾರ ಕೊಡುವುದು ಎಂಬುದು ಅದರ ತಾತ್ಪರ್ಯ. 1882ರ ಹಂಟರ್ ಆಯೋಗವು ಇನ್ನೂ ಮುಂದೆ ಹೋಗಿ, ಪ್ರೌಢ ಶಿಕ್ಷಣವನ್ನು ಕ್ರಮೇಣ ಖಾಸಗಿ ಸಂಸ್ಥೆಗಳ ಕೈಗೆ ಬಿಡಬೇಕೆಂದು ಶಿಫಾರಸು ಮಾಡಿತು. ಆಗ ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಭಾಗದಲ್ಲಿ ಶಾಲೆ ತೆರೆಯುವ ಸಂಘಗಳು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ.

1884ರಲ್ಲಿ ಪುಣೆಯಲ್ಲಿ ಡೆಕ್ಕನ್ ಎಜುಕೇಶನ್ ಸೊಸಾಯಿಟಿ ಸ್ಥಾಪನೆಯಾಯಿತು. ಶಿಕ್ಷಕರೇ ಆಜೀವ ಸದಸ್ಯರಾಗಿ, ಅಲ್ಪ ಸಂಬಳಕ್ಕೆ ದುಡಿದು, ಸಂಸ್ಥೆಯನ್ನು ತಾವೇ ನಡೆಸುವ ಮಾದರಿಯನ್ನು ಅದು ಹಾಕಿಕೊಟ್ಟಿತು. 1910ರಲ್ಲಿ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರ ಶ್ರಮದಿಂದ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯೂ, 1916ರಲ್ಲಿ ಬೆಳಗಾವಿಯಲ್ಲಿ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಜನರಿಂದ ಕೆ. ಎಲ್. ಇ. ಸಂಸ್ಥೆಯೂ ಹುಟ್ಟಿದವು. ಅದಕ್ಕೂ ಮೊದಲು, 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗಾಗಿ ಬರೆದಿಟ್ಟು ಹೋಗಿದ್ದರು. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ ಪರಂಪರೆಯಲ್ಲಿ ಬಂದ ಧಾರವಾಡ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಪ್ರಸಾದನಿಲಯ ನಡೆಸಿ ಬಡ ಹುಡುಗರ ಓದಿಗೆ ಅನ್ನವಿಟ್ಟರು.

ಇವೆಲ್ಲ ವಾಚಕರಿಗೆ ತಿಳಿದ ಸಂಗತಿಗಳೇ. ಇಲ್ಲಿ ಹೇಳಿದ ಕಾರಣ ಬೇರೆ. ಆ ಕಾಲದಲ್ಲಿ ಸರಕಾರದ ಅನುದಾನವು ವೆಚ್ಚದ ಒಂದು ಭಾಗ ಮಾತ್ರ. ಉಳಿದುದನ್ನು ಜೋಳಿಗೆಯಿಂದ, ವಂತಿಗೆಯಿಂದ, ಸುಗ್ಗಿಯ ಕಾಳಿನಿಂದ ಕೂಡಿಸಬೇಕಾಗಿತ್ತು. ಕಾಳು ಕೊಟ್ಟವನು ಕಣ್ಣಿಟ್ಟು ನೋಡುತ್ತಿದ್ದ. ಶಾಲೆಯ ಮಾಡು ಹೊದಿಸಿದರೋ ಇಲ್ಲವೋ, ಮಾಸ್ತರರಿಗೆ ಸಂಬಳ ಮುಟ್ಟಿತೋ ಇಲ್ಲವೋ ಎಂದು ಕೇಳುವ ಹಕ್ಕು ಅವನಿಗಿತ್ತು. ಕೇಳಿದರೆ ಹೇಳುವುದು ಪಂಚರಿಗೆ ಅನಿವಾರ್ಯವೂ ಆಗಿತ್ತು, ಏಕೆಂದರೆ ಮುಂದಿನ ಸುಗ್ಗಿಗೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಲ್ಲವೇ?

ಸ್ವಾತಂತ್ರ್ಯಾನಂತರ, ವಿಶೇಷವಾಗಿ 1956ರಲ್ಲಿ ನಮ್ಮ ಭಾಗವು ಮೈಸೂರು ರಾಜ್ಯವನ್ನು ಸೇರಿದ ಮೇಲಿನ ದಶಕಗಳಲ್ಲಿ, ಶಿಕ್ಷಕರ ಸಂಬಳದ ಭಾರವನ್ನು ಸರಕಾರ ಕ್ರಮೇಣ ಪೂರ್ಣವಾಗಿ ಹೊತ್ತುಕೊಂಡಿತು. ಇದರಿಂದ ಶಿಕ್ಷಕರ ಬಾಳು ಹಸನಾಯಿತು. ಆದರೆ ಅದರ ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಕೊಡುವವನು ಊರಿನವನಲ್ಲ ಎಂದಾದ ಮೇಲೆ ಕೇಳುವವನೂ ಊರಿನವನಾಗಿ ಉಳಿಯಲಿಲ್ಲ.

ನಿಯಮಗಳ ಗುಣ

ನಿಯಮಗಳಲ್ಲಿ ಒಳ್ಳೆಯದೇನಿದೆ ಎಂಬುದನ್ನು ಮೊದಲು ನೋಡೋಣ. 1983ರಲ್ಲಿ ರೂಪುಗೊಂಡು 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಅಧಿನಿಯಮವು ಈ ಶಾಲೆಗಳ ಮೂಲ ಕಾನೂನು. ಪ್ರತಿ ಖಾಸಗಿ ಸಂಸ್ಥೆಗೂ ಆಡಳಿತ ಮಂಡಳಿಯಿರಬೇಕು, ಕ್ರಮಬದ್ಧ ಲೆಕ್ಕಪತ್ರವಿಡಬೇಕು, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಯಾಗಬೇಕು, ಷರತ್ತು ಮುರಿದರೆ ಅನುದಾನವನ್ನು ತಡೆಯುವ, ಕಡಿಮೆ ಮಾಡುವ, ಹಿಂತೆಗೆಯುವ ಅಧಿಕಾರ ಸರಕಾರಕ್ಕಿರಬೇಕು ಎಂಬುದು ಅದರ ವ್ಯವಸ್ಥೆ. ವಿಚಾರಣೆಯಿಲ್ಲದೆ ಶಿಕ್ಷಕನನ್ನು ಕೆಲಸದಿಂದ ತೆಗೆಯಕೂಡದೆಂದು ಅದರ 92ನೆಯ ಕಲಮು ಹೇಳುತ್ತದೆ. ತೆಗೆದರೆ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಲು 94ನೆಯ ಕಲಮು ದಾರಿ ಕೊಡುತ್ತದೆ.

ಇದರ ಬೆಲೆ ತಿಳಿಯಬೇಕಾದರೆ ಕೇರಳದತ್ತ ನೋಡಬೇಕು. ಪೂರ್ಣ ಮೊತ್ತಕ್ಕೆ ಸಹಿ ಹಾಕಿಸಿಕೊಂಡು ಅರ್ಧ ಸಂಬಳ ಕೈಗಿಡುವ ಪದ್ಧತಿ ಒಂದು ಕಾಲಕ್ಕೆ ಹಲವೆಡೆ ಇತ್ತು. 1957ರಲ್ಲಿ ಕೇರಳದ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿಯವರು ತಂದ ಮಸೂದೆಯ ಒಂದು ಮುಖ್ಯ ಅಂಶವೇ ಶಿಕ್ಷಕರಿಗೆ ಸರಕಾರದಿಂದ ನೇರ ಸಂಬಳ. ಅದಕ್ಕಾಗಿ ಎದ್ದ ಗದ್ದಲವು 1959ರಲ್ಲಿ ಆ ಮಂತ್ರಿಮಂಡಲದ ಪತನದವರೆಗೆ ಹೋಯಿತು. ಇಂದು ನಮ್ಮಲ್ಲಿ ಸಂಬಳವು ಶಿಕ್ಷಕನ ಬ್ಯಾಂಕ್ ಖಾತೆಗೇ ಜಮೆಯಾಗುತ್ತದೆ. ನಡುವಿನ ಕೈಗಳು ತಪ್ಪಿವೆ.

ಇನ್ನೂ ಒಂದು ಉಪಯುಕ್ತ ನಿಯಮವಿದೆ. 1971ರ ಮಹಾಲೇಖಪಾಲರ ಕಾನೂನಿನ 14ನೆಯ ಕಲಮಿನಂತೆ, ಒಂದು ಸಂಸ್ಥೆ ವರ್ಷದಲ್ಲಿ ಪಡೆದ ಸರಕಾರಿ ಅನುದಾನ 25 ಲಕ್ಷ ರೂಪಾಯಿಗೆ ಕಡಿಮೆಯಿರದೆ, ಅದರ ಒಟ್ಟು ವೆಚ್ಚದ ಶೇಕಡಾ 75ಕ್ಕೆ ಕಡಿಮೆಯಿರದಿದ್ದರೆ, ಅದರ ಜಮಾಖರ್ಚು ಮಹಾಲೇಖಪಾಲರ ತಪಾಸಣೆಗೆ ಒಳಪಡುತ್ತದೆ. ಲೆಕ್ಕದ ಸುಲಭಕ್ಕಾಗಿ ಒಂದು ಪ್ರೌಢಶಾಲೆಯಲ್ಲಿ ಎಲ್ಲ ಸೇರಿ ಹತ್ತು ಜನ ಸಿಬ್ಬಂದಿಯೆಂದೂ, ಸರಾಸರಿ ಸಂಬಳ ತಿಂಗಳಿಗೆ 60,000 ರೂಪಾಯಿಯೆಂದೂ ಹಿಡಿಯೋಣ. ತಿಂಗಳಿಗೆ 6 ಲಕ್ಷ, ವರ್ಷಕ್ಕೆ 72 ಲಕ್ಷ, ಹತ್ತು ವರ್ಷಕ್ಕೆ 7 ಕೋಟಿ 20 ಲಕ್ಷ ರೂಪಾಯಿ. ಊರಿನ ಒಂದು ಸಾಮಾನ್ಯ ಶಾಲೆಯ ಹಿಂದೆ ಇಷ್ಟು ಸಾರ್ವಜನಿಕ ಹಣ ನಿಂತಿದೆಯೆಂಬುದನ್ನು ಪಾಲಕರಲ್ಲಿ ಎಷ್ಟು ಜನ ಎಂದಾದರೂ ಕೂಡಿಸಿ ನೋಡಿದ್ದಾರೆ?

ನಿಯಮಗಳ ದೋಷ

ಈಗ ದೋಷಗಳ ವಿಚಾರ. ಮೊದಲನೆಯದು, ನಿಯಮದ ಕಣ್ಣು ಸಂಬಳದ ಬಿಲ್ಲಿನ ಮೇಲೆ ನೆಟ್ಟಷ್ಟು ಉಳಿದ ಹಣದ ಮೇಲೆ ನೆಟ್ಟಿಲ್ಲ. ಸರಕಾರ ಕೊಡುವುದು ಬಹುಮಟ್ಟಿಗೆ ಸಂಬಳವನ್ನೇ. ಬಿಸಿಯೂಟದ ಅಕ್ಷರ ದಾಸೋಹ, ಪಠ್ಯಪುಸ್ತಕಗಳು ಅನುದಾನಿತ ಶಾಲೆಗಳ ಮಕ್ಕಳಿಗೂ ಮುಟ್ಟುತ್ತವೆ ನಿಜ. ಆದರೆ ಹಂಚು, ಬೆಂಚು, ಶೌಚಾಲಯ, ಪ್ರಯೋಗಶಾಲೆ, ವಿದ್ಯುತ್ತಿನ ಬಿಲ್ಲು ಇವು ಸಂಸ್ಥೆಯ ಪಾಲಿನವು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಈ ತಾಲೂಕುಗಳ ನದೀತೀರದ ಹಳ್ಳಿಗಳು ನೀರಿನಲ್ಲಿ ನಿಂತುದನ್ನು ನಾವು ಮರೆಯುವಂತಿಲ್ಲ. 2021ರ ಜುಲೈಯಲ್ಲಿ ಮತ್ತೆ ನೀರು ಬಂತು. ಸರಕಾರಿ ಶಾಲೆಯ ಗೋಡೆ ಬಿದ್ದರೆ ಕಟ್ಟಿಸುವ ಹೊಣೆ ಸರಕಾರದ್ದು. ಅನುದಾನಿತ ಶಾಲೆಯ ಗೋಡೆ ಬಿದ್ದರೆ? ಅದು ಆಡಳಿತ ಮಂಡಳಿಯ ಹೊಣೆ. ಆ ಹಣ ಎಲ್ಲಿಂದ ಬರಬೇಕು? ಸಂಬಳ ಕೊಟ್ಟು ಗೋಡೆಗೆ ಕೊಡದ ಸರಕಾರವು ಸಂಸ್ಥೆಗಳನ್ನು ವಂತಿಗೆಯ ದಾರಿಗೆ ತಾನೇ ನೂಕುತ್ತದೆಂಬುದನ್ನು ನಿಷ್ಪಕ್ಷಪಾತವಾಗಿ ಒಪ್ಪಬೇಕು. ವಂತಿಗೆ ಪಡೆಯುವುದು ತಪ್ಪಲ್ಲ. ಪಾವತಿಯಿಲ್ಲದೆ ಪಡೆಯುವುದು ತಪ್ಪು. ಪಾವತಿಯಿಲ್ಲದ ವಂತಿಗೆ ಗೋಡೆಗೆ ಹೋಯಿತೋ ಬೇರೆಲ್ಲಿಗೆ ಹೋಯಿತೋ ಬಲ್ಲವರಾರು?

ಎರಡನೆಯದು ನೇಮಕದ ವಿಚಾರ. ಸಂಬಳ ಕೊಡುವುದು ಸರಕಾರ. ಆಯ್ಕೆ ಮಾಡುವುದು ಸಂಸ್ಥೆ. ಜಾಹೀರಾತು, ಆಯ್ಕೆ ಸಮಿತಿ, ಮೀಸಲಾತಿ, ಇಲಾಖೆಯ ಅನುಮೋದನೆ ಇವೆಲ್ಲ ಕಾಗದದ ಮೇಲಿವೆ. ಆದರೂ ಹುದ್ದೆಗೆ ಇಂತಿಷ್ಟು ಎಂಬ ಮಾತು ರಾಜ್ಯದ ಎಲ್ಲೆಡೆ ಕೇಳಿಬರುತ್ತದೆ. ಎಲ್ಲ ಸಂಸ್ಥೆಗಳೂ ಹಾಗೆಂದು ನಾವು ಹೇಳುವುದಿಲ್ಲ. ಒಂದು ಪೈಯನ್ನೂ ಮುಟ್ಟದೆ ನೇಮಕ ಮಾಡಿದ ಸಂಸ್ಥೆಗಳಿಗೆ ಹಾಗೆ ಹೇಳುವುದು ಅನ್ಯಾಯ. ಮಕ್ಕಳಿಂದ ಪ್ರವೇಶಕ್ಕೆ ವಂತಿಗೆ ಪಡೆಯುವುದನ್ನು 1984ರ ಕ್ಯಾಪಿಟೇಶನ್ ಫೀ ನಿಷೇಧ ಕಾನೂನು ತಡೆಯಿತು. ಆದರೆ ಮಾಸ್ತರನಾಗಬೇಕಾದವನ ತಂದೆ ಎಕರೆ ಹೊಲ ಮಾರಿ ತಂದ ಹಣಕ್ಕೆ ಯಾವ ಪುಸ್ತಕದಲ್ಲಿಯೂ ದಾಖಲೆ ಸಿಕ್ಕುವುದಿಲ್ಲ. ಕೊಟ್ಟವನೂ ಬಾಯಿ ಬಿಡಲಾರ, ತೆಗೆದುಕೊಂಡವನೂ ಬಿಡಲಾರ. ಹೀಗೆ ಬಂದ ಶಿಕ್ಷಕನು ಮೊದಲ ಹತ್ತು ವರ್ಷ ಸಾಲ ತೀರಿಸುವ ಚಿಂತೆಯಲ್ಲಿ ಕಳೆಯುತ್ತಾನೆ. ಅವನಿಗಿಂತ ಜಾಣನಾದ, ಹಣವಿಲ್ಲದ ಹುಡುಗ ಊರಲ್ಲಿಯೇ ಉಳಿಯುತ್ತಾನೆ. ಕಡೆಗೆ ನಷ್ಟ ಅನುಭವಿಸುವುದು ಮುಂದಿನ ಬೆಂಚಿನ ಮೇಲೆ ಕುಳಿತ ಮಗು.

ಸರಕಾರದ ಕಡೆಯ ತಪ್ಪೂ ಇಲ್ಲಿ ಸಣ್ಣದಲ್ಲ. ಶಿಕ್ಷಕ ನಿವೃತ್ತನಾದ ಮೇಲೆ ಆ ಹುದ್ದೆ ತುಂಬಲು ಸರಕಾರದ ಅನುಮತಿ ಬೇಕು. ಮಿತವ್ಯಯದ ಹೆಸರಿನಲ್ಲಿ ಆ ಅನುಮತಿ ವರ್ಷಗಟ್ಟಲೆ ಬರುವುದಿಲ್ಲ. ಗಣಿತದ ಮಾಸ್ತರರಿಲ್ಲದೆ ವರ್ಷ ಕಳೆದ ಶಾಲೆಯಿಂದ ಮಕ್ಕಳು ಬಿಟ್ಟುಹೋಗುತ್ತಾರೆ. ಮಕ್ಕಳು ಕಡಿಮೆಯಾದರೆಂದು ಹುದ್ದೆಯನ್ನೇ ಕಡಿಮೆ ಮಾಡುತ್ತಾರೆ. ತೊಂಬತ್ತರ ದಶಕದ ನಡುವಿನಿಂದ ಈಚೆಗೆ ಹುಟ್ಟಿದ ಶಾಲೆಗಳಿಗಂತೂ ಅನುದಾನದ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಹುದ್ದೆ ದುರ್ಲಭವಾದಷ್ಟೂ ಅದರ ಕಳ್ಳಬೆಲೆ ಏರುತ್ತದೆಂಬುದು ಸಂತೆಗೆ ಹೋದವರೆಲ್ಲರಿಗೂ ತಿಳಿದ ನ್ಯಾಯ.

ಮೂರನೆಯ ದೋಷ ಇತ್ತೀಚಿನದು, ಬಹಳ ಗಂಭೀರವಾದದ್ದು. ಒಂದೇ ಸಂಸ್ಥೆ, ಒಂದೇ ಆವಾರ. ಮುಂದಿನ ಕಟ್ಟಡದಲ್ಲಿ ಅನುದಾನರಹಿತ ಇಂಗ್ಲಿಷ್ ಮಾಧ್ಯಮದ ಶಾಲೆ. ಹಿಂದಿನ ಹಳೆಯ ಕಟ್ಟಡದಲ್ಲಿ ಅನುದಾನಿತ ಕನ್ನಡ ಶಾಲೆ. ಇಂಗ್ಲಿಷ್ ಶಾಲೆಯಿಂದ ಫೀ ಬರುತ್ತದೆ. ಕನ್ನಡ ಶಾಲೆಯಿಂದ ಬರುವುದಿಲ್ಲ. ಆದುದರಿಂದ ಹೊಸ ಬೆಂಚು ಅಲ್ಲಿಗೆ, ಮುರಿದ ಬೆಂಚು ಇಲ್ಲಿಗೆ. ದಶಕಗಳ ಹಿಂದೆ ಊರಿನವರು ಕನ್ನಡ ಶಾಲೆಗೆಂದು ಕೊಟ್ಟ ಜಾಗ ಯಾವುದು, ಇಂದು ಅದನ್ನು ಬಳಸುತ್ತಿರುವವರು ಯಾರು, ಬಳಕೆಗೆ ಬಾಡಿಗೆ ಬರೆದಿದೆಯೇ ಎಂದು ಕೇಳಿದರೆ ಉತ್ತರವಿಲ್ಲ. ಎರಡೂ ಶಾಲೆಗಳ ಜಮಾಖರ್ಚು ಒಂದೇ ಸಂಘದ ತಃಖ್ತೆಯಲ್ಲಿ ಬೆರೆತಾಗ ಯಾವ ನೀರು ಯಾವ ಕಾಲುವೆಯದೆಂದು ಗುರುತಿಸಲಾಗುವುದಿಲ್ಲ. ಮೇಲೆ ಹೇಳಿದ ಶೇಕಡಾ 75ರ ಅಳತೆಯೂ ಹೀಗೆ ಬೆರೆತಾಗ ಇಳಿದುಬಿಡುತ್ತದೆ.

ನಾಲ್ಕನೆಯದು ಆಡಳಿತ. ಶಿಕ್ಷಕರೇ ಆಜೀವ ಸದಸ್ಯರಾಗಿ ದುಡಿದ ಮಾದರಿಯನ್ನು ಮೇಲೆ ನೆನೆದೆವು. ಅಲ್ಲಿ ಆಜೀವವೆಂದರೆ ಬಾಳನ್ನೇ ಕೊಡುವುದು ಎಂದರ್ಥ. ಇಂದು ಅನೇಕ ಸಂಘಗಳಲ್ಲಿ ಅದಕ್ಕೆ ಬಾಳಿನುದ್ದ ಕುರ್ಚಿ ಬಿಡದಿರುವುದು ಎಂಬ ಅರ್ಥ ಬಂದಿದೆ. ತಂದೆಯ ನಂತರ ಮಗ, ಅಣ್ಣನ ನಂತರ ತಮ್ಮ. ಹೊಸ ಸದಸ್ಯರ ನೋಂದಣಿಯಿಲ್ಲ. 2001ರಿಂದ ಸರಕಾರಿ ಶಾಲೆಗಳಲ್ಲಿ ಪಾಲಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಾದವು. 2009ರ ಶಿಕ್ಷಣ ಹಕ್ಕಿನ ಕಾಯ್ದೆಯು ಅನುದಾನಿತ ಶಾಲೆಗಳಿಗೂ ಮುಕ್ಕಾಲು ಪಾಲು ಪಾಲಕರೇ ಇರುವ ಸಮಿತಿಯನ್ನು ವಿಧಿಸಿತು. ಆದರೆ 2012ರ ತಿದ್ದುಪಡಿಯು, ಅನುದಾನಿತ ಶಾಲೆಗಳಲ್ಲಿ ಆ ಸಮಿತಿಯ ಕೆಲಸ ಸಲಹೆಗೆ ಮಾತ್ರ ಸೀಮಿತವೆಂದು ಅದರ ಹಲ್ಲು ಕಿತ್ತಿತು. ಅನುದಾನದ ವಿನಿಯೋಗವನ್ನು ನೋಡುವ ಕೆಲಸ ಸರಕಾರಿ ಶಾಲೆಯ ಪಾಲಕನಿಗೆ ಉಂಟು; ಪಕ್ಕದ ಅನುದಾನಿತ ಶಾಲೆಯ ಪಾಲಕನಿಗೆ ಇಲ್ಲ. ಇಬ್ಬರ ಮಕ್ಕಳಿಗೂ ಕಲಿಸುವ ಮಾಸ್ತರರ ಸಂಬಳ ಒಂದೇ ಬೊಕ್ಕಸದಿಂದ ಬರುವಾಗ ಈ ಭೇದಕ್ಕೆ ನ್ಯಾಯವೆಲ್ಲಿದೆ?

ಸ್ವಾಯತ್ತತೆಯ ಪ್ರಶ್ನೆ

ಇದಕ್ಕೆ ಸಂಸ್ಥೆಗಳ ಕಡೆಯಿಂದ ಬರುವ ಉತ್ತರವನ್ನು ಗೌರವದಿಂದ ಕೇಳಬೇಕು. ಲೆಕ್ಕದ ನೆಪದಲ್ಲಿ ಸರಕಾರ ಮನೆಯೊಳಗೆ ಕಾಲಿಟ್ಟರೆ ಸಂಸ್ಥೆಯ ಸ್ವಾತಂತ್ರ್ಯ ಉಳಿಯದು, ಗುಮಾಸ್ತನ ಆಳಿಕೆ ಬಂದೀತು ಎನ್ನುತ್ತಾರೆ. ಈ ಭಯ ಹುಸಿಯಲ್ಲ. ಒಂದು ಹುದ್ದೆಯ ಅನುಮೋದನೆಗಾಗಿ ಕಚೇರಿಯಿಂದ ಕಚೇರಿಗೆ ತಿರುಗಿ ಬಳಲಿದ ಪ್ರಾಮಾಣಿಕ ಚೇರಮನ್ನರೂ ಇದ್ದಾರೆ. ಗಡಿಭಾಗದಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮ. ಇಲ್ಲಿನ ಮರಾಠಿ ಶಾಲೆಗಳಿಗೂ ಜೈನ ಸಂಸ್ಥೆಗಳಿಗೂ ಅಲ್ಪಸಂಖ್ಯಾತರೆಂಬ ನೆಲೆಯಲ್ಲಿ ಸಂವಿಧಾನದ 30ನೆಯ ಅನುಚ್ಛೇದದ ರಕ್ಷಣೆಯಿದೆ.

ಆದರೆ ಸರ್ವೋಚ್ಚ ನ್ಯಾಯಾಲಯವು ಈ ಗೆರೆಯನ್ನು ಬಹಳ ಹಿಂದೆಯೇ ಎಳೆದಿದೆ. ಕೇರಳದ ಅದೇ ಶಿಕ್ಷಣ ಮಸೂದೆಯ ಬಗೆಗೆ 1958ರಲ್ಲಿ ಕೊಟ್ಟ ಅಭಿಪ್ರಾಯದಲ್ಲಿ, ಆಡಳಿತ ನಡೆಸುವ ಹಕ್ಕಿನಲ್ಲಿ ಕೆಟ್ಟ ಆಡಳಿತ ನಡೆಸುವ ಹಕ್ಕು ಸೇರಿಲ್ಲವೆಂದು ಅದು ತಿಳಿಸಿತು. ನಮ್ಮ ರಾಜ್ಯದಿಂದಲೇ ಹೋದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವು ಅನುದಾನರಹಿತ ಸಂಸ್ಥೆಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು, ಲಾಭಕೋರತನಕ್ಕೆ ಎಡೆಯಿಲ್ಲವೆಂದಿತು, ಅನುದಾನ ಪಡೆಯುವವರ ಮೇಲೆ ಆ ಹಣದ ಸದ್ವಿನಿಯೋಗಕ್ಕಾಗಿ ನಿಯಮ ಹೇರಬಹುದೆಂದೂ ಹೇಳಿತು. 2019ರಲ್ಲಿ ಡಿ. ಎ. ವಿ. ಕಾಲೇಜಿನ ಮೊಕದ್ದಮೆಯ ತೀರ್ಪು ಇನ್ನೂ ಸ್ಪಷ್ಟ. ಸರಕಾರದಿಂದ ಗಣನೀಯ ಹಣ ಪಡೆಯುವ ಸಂಸ್ಥೆಯು 2005ರ ಮಾಹಿತಿ ಹಕ್ಕಿನ ಕಾಯ್ದೆಗೆ ಒಳಪಟ್ಟ ಸಾರ್ವಜನಿಕ ಪ್ರಾಧಿಕಾರವೇ ಸರಿ. ಗಣನೀಯವೆಂದರೆ ಅರ್ಧಕ್ಕಿಂತ ಹೆಚ್ಚೇ ಇರಬೇಕೆಂದಿಲ್ಲ ಎಂದು ಅದು ವಿವರಿಸಿತು. ಅಂದಮೇಲೆ ಪಾಲಕನು ಲೆಕ್ಕ ಕೇಳಿದರೆ ಅದು ಉದ್ಧಟತನವಲ್ಲ, ಕಾನೂನು ಒಪ್ಪಿದ ಹಕ್ಕು. ಆದರೆ ಹತ್ತು ರೂಪಾಯಿಯ ಅರ್ಜಿ ಹಾಕಿ ಮೂವತ್ತು ದಿನ ಕಾಯ್ದು ಪಡೆಯಬೇಕಾದ ಲೆಕ್ಕವು ವಿಶ್ವಾಸವನ್ನು ಬೆಳೆಸದು. ಕೇಳುವ ಮೊದಲೇ ತೋರಿಸಿದ ಲೆಕ್ಕದಿಂದಲೇ ವಿಶ್ವಾಸ ಬೆಳೆಯುವುದು.

ಸ್ವಾತಂತ್ರ್ಯ ಮತ್ತು ಲೆಕ್ಕ ಒಂದಕ್ಕೊಂದು ವೈರಿಗಳಲ್ಲವೆಂಬುದಕ್ಕೆ ಹೊರನಾಡಿನ ಒಂದು ಉದಾಹರಣೆ ಕೊಡಬಹುದು. ಇಂಗ್ಲೆಂಡಿನಲ್ಲಿ 2002ರಿಂದ ಅಕಾಡೆಮಿಗಳೆಂಬ ಶಾಲೆಗಳು ತೆರೆದವು. 2010ರ ಕಾನೂನಿನ ನಂತರ ಬಹು ಸಂಖ್ಯೆಯಲ್ಲಿ ಬೆಳೆದವು. ಹಣ ಪೂರ್ಣ ಸರಕಾರದ್ದು, ಆಡಳಿತ ಸ್ವತಂತ್ರ ನ್ಯಾಸಗಳದು. ಪಾಠಕ್ರಮದಲ್ಲಿ, ನೇಮಕದಲ್ಲಿ ಅವುಗಳಿಗೆ ಸಾಕಷ್ಟು ಸ್ವಾತಂತ್ರ್ಯ ಕೊಟ್ಟ ಸರಕಾರವು ಹಣದ ವಿಷಯದಲ್ಲಿ ಮಾತ್ರ ಬಿಗಿಯಾದ ಕಟ್ಟಳೆ ಹಾಕಿತು. ತಪಾಸಣೆಯಾದ ವಾರ್ಷಿಕ ಲೆಕ್ಕವನ್ನು ಎಲ್ಲರೂ ನೋಡುವಂತೆ ಪ್ರಕಟಿಸಬೇಕು. ಹಣಕ್ಕೆ 'ನಾನೇ ಹೊಣೆ' ಎಂದು ಉತ್ತರಿಸುವ ಒಬ್ಬ ಅಧಿಕಾರಿ ಇರಬೇಕು. ಧರ್ಮದರ್ಶಿಗಳು ತಮ್ಮ ವ್ಯಾಪಾರ ಸಂಬಂಧಗಳನ್ನು ಬರೆದು ಪ್ರಕಟಿಸಬೇಕು. ಧರ್ಮದರ್ಶಿಯ ಅಥವಾ ಅವನ ಬಂಧುವಿನ ಅಂಗಡಿಯಿಂದ ಶಾಲೆ ಸಾಮಾನು ಕೊಂಡರೆ ಅಸಲು ಬೆಲೆಗೆ ಕೊಳ್ಳಬೇಕು, ಲಾಭ ಸಲ್ಲದು. ಅಲ್ಲಿಯೂ ಹಗರಣಗಳಾಗಿವೆ. ಆದರೆ ಲೆಕ್ಕ ಬೆಳಕಿನಲ್ಲಿದ್ದ ಕಾರಣ ಅವುಗಳನ್ನು ಹಿಡಿಯಲು ದಾರಿಯಿತ್ತು.

ನಮ್ಮಲ್ಲಿ ಇದು ಆಗದ ಮಾತೇ?

ನಮ್ಮ ಜನ ಅಷ್ಟು ತಿಳಿದವರಲ್ಲ, ತಃಖ್ತೆ ಓದಲಾರರು ಎಂದು ಹೇಳುವವರಿದ್ದಾರೆ. ಈ ಐದು ತಾಲೂಕುಗಳ ಬಗೆಗೆ ಈ ಮಾತು ಸಲ್ಲದು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಹಕಾರಿ ಸಕ್ಕರೆ ಕಾರಖಾನೆ, ಅಥಣಿಯ ಕೃಷ್ಣಾ ಸಹಕಾರಿ ಸಕ್ಕರೆ ಕಾರಖಾನೆಗಳಂಥ ಸಂಸ್ಥೆಗಳ ಸದಸ್ಯರು ಯಾರು? ಇದೇ ರೈತರು. ಟನ್ನಿಗೆ ದರವೆಷ್ಟು, ಸಕ್ಕರೆಯ ಇಳುವರಿ ಎಷ್ಟು, ಸಾಗಾಟಕ್ಕೆ ಕಡಿದುದೆಷ್ಟು ಎಂದು ಬೆರಳ ಮೇಲೆ ಹೇಳಬಲ್ಲವರು. 1981ರಲ್ಲಿ ತಂಬಾಕಿನ ನ್ಯಾಯಬೆಲೆಗಾಗಿ ನಿಪ್ಪಾಣಿಯ ಹೆದ್ದಾರಿಯ ಮೇಲೆ ದಿನಗಟ್ಟಲೆ ಕುಳಿತು, ಗೋಲಿಬಾರಿಗೆ ಪ್ರಾಣ ತೆತ್ತವರ ಊರುಗಳಿವು. ತಕ್ಕಡಿಯಲ್ಲಿ ಒಂದು ಕಿಲೋ ತಪ್ಪಿದರೆ ಸುಮ್ಮನಿರದ ಜನ ಮಗುವಿನ ಶಾಲೆಯ ಲೆಕ್ಕದ ಬಗೆಗೆ ಸುಮ್ಮನಿರುವುದು ಅಜ್ಞಾನದಿಂದಲ್ಲ. ಅದು ತಮ್ಮ ಹಣವೆಂದು ಅವರಿಗೆ ಯಾರೂ ಹೇಳದ ಕಾರಣದಿಂದ.

ಮಠಗಳೂ ಶರಣ ಸಂಪ್ರದಾಯವನ್ನು ನೆನೆಯುವ ಸಂಘಗಳೂ ನಡೆಸುವ ಶಾಲೆಗಳಿಗೆ ಈ ವಿಷಯದಲ್ಲಿ ಹೊರಗಿನ ಉಪದೇಶ ಬೇಕಾಗಿಯೇ ಇಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಪರರ ಹಣದ ಕಾವಲು ಅವರ ಕಾಯಕವಾಗಿತ್ತು. ಅರಸನ ಭಂಡಾರವನ್ನು ಜಂಗಮರಿಗೆ ಸುರಿಯುತ್ತಾರೆಂದು ಕೊಂಡೆಯರು ದೂರಿದಾಗ ಅವರು ಕೋಪಿಸಿಕೊಂಡು ಹೋಗಲಿಲ್ಲ, ಭಕ್ತರ ಮೇಲೆ ಸಂಶಯವೇ ಎಂದು ಕೇಳಲಿಲ್ಲ. ಲೆಕ್ಕ ತೆರೆದು ತೋರಿಸಿದರು, ಭಂಡಾರ ಸರಿಯಾಗಿತ್ತು ಎಂಬುದು ಪುರಾಣಗಳು ಹೇಳುವ ಕಥೆ. ಆಯ್ದಕ್ಕಿ ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದ ಕಥೆಯನ್ನು ನಮ್ಮ ಶಾಲೆಗಳ ಮಕ್ಕಳಿಗೆ ಹೇಳುತ್ತೇವೆ. ಆ ಕಥೆಯನ್ನು ಕೇಳಿದ ಮಗು ಮನೆಗೆ ಹೋಗುವಾಗ, ಆ ಶಾಲೆಯ ಕಚೇರಿಯಲ್ಲಿ ಪಾವತಿಯಿಲ್ಲದ ಹಣದ ಎಣಿಕೆ ನಡೆದಿದ್ದರೆ ಪಾಠ ಮಾಡಿದ್ದೆಲ್ಲ ವ್ಯರ್ಥ.

ಮಾಡಬೇಕಾದುದೇನು?

ಟೀಕಿಸಿ ಸುಮ್ಮನಾಗುವುದು ನಮ್ಮ ಉದ್ದೇಶವಲ್ಲ. ಹೊಸ ಕಾನೂನು ಬರುವವರೆಗೆ ಕಾಯದೆ ಸಂಸ್ಥೆಗಳು ತಾವಾಗಿಯೇ ಮಾಡಬಹುದಾದ ಕೆಲಸಗಳಿವು.

ಒಂದು, ವರ್ಷಕ್ಕೊಂದು ದಿನ ಶಾಲೆಯ ಅಂಗಳದಲ್ಲಿ ಪಾಲಕರನ್ನೂ ಊರಿನವರನ್ನೂ ಕೂಡಿಸಿ ಜಮಾಖರ್ಚನ್ನು ಓದಬೇಕು. ಲೆಕ್ಕಿಗರ ಭಾಷೆಯ ನಲವತ್ತು ಪುಟ ಬೇಡ. ಅನುದಾನ ಎಷ್ಟು, ಫೀ ಎಷ್ಟು, ವಂತಿಗೆ ಎಷ್ಟು, ಬಾಡಿಗೆ ಎಷ್ಟು, ಯಾವುದಕ್ಕೆ ಎಷ್ಟು ಹೋಯಿತು ಎಂಬ ಒಂದೇ ಹಾಳೆ, ಮಕ್ಕಳ ತಾಯಂದಿರು ಓದಬಲ್ಲ ಭಾಷೆಯಲ್ಲಿ, ಕನ್ನಡದಲ್ಲಿ, ಮರಾಠಿ ಶಾಲೆಯಾದರೆ ಮರಾಠಿಯಲ್ಲಿಯೂ ಇರಲಿ. ಅದನ್ನು ಫಲಕಕ್ಕೆ ಅಂಟಿಸಲಿ.

ಎರಡು, ಒಂದು ರೂಪಾಯಿಯ ವಂತಿಗೆಗೂ ಪಾವತಿ ಕೊಡಬೇಕು. ಅದು ಬ್ಯಾಂಕಿನ ಮೂಲಕವೇ ಬರಬೇಕು.

ಮೂರು, ಅನುದಾನಿತ ಮತ್ತು ಅನುದಾನರಹಿತ ಶಾಲೆಗಳ ಪುಸ್ತಕಗಳು ಬೇರೆಬೇರೆ ಇರಬೇಕು. ಒಂದರ ಕೋಣೆ, ಮೈದಾನ, ಶಿಕ್ಷಕರನ್ನು ಇನ್ನೊಂದು ಬಳಸಿದರೆ ಅದರ ಬೆಲೆ ಕಟ್ಟಿ ಬರೆಯಬೇಕು.

ನಾಲ್ಕು, ನೇಮಕದಲ್ಲಿ ಆಡಳಿತ ಮಂಡಳಿಯ ಸದಸ್ಯನ ಬಂಧು ಅರ್ಜಿ ಹಾಕಿದ್ದರೆ ಆ ಸದಸ್ಯ ಎದ್ದು ಹೊರಗೆ ಹೋಗಬೇಕು. ಅಭ್ಯರ್ಥಿಗಳ ಗುಣಗಳ ಯಾದಿಯನ್ನು ಅದೇ ದಿನ ಹಚ್ಚಬೇಕು.

ಐದು, ಮಂಡಳಿಯಲ್ಲಿ ಪಾಲಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ಸ್ಥಾನವಿರಬೇಕು, ಅಧಿಕಾರಕ್ಕೆ ಅವಧಿಯಿರಬೇಕು.

ಸರಕಾರಕ್ಕೂ ಮೂರು ಮಾತು ಹೇಳಬೇಕಾಗಿದೆ. ಗೋಡೆಗೂ ಗಡಿಯಾರಕ್ಕೂ ಸಾಲುವ ನಿರ್ವಹಣಾ ಅನುದಾನವನ್ನು ಸಂಬಳದ ಜೊತೆಗೆ ಕೊಡಲಿ. ಶಿಕ್ಷಕ ನಿವೃತ್ತನಾಗುವ ಮೊದಲೇ ಆ ಹುದ್ದೆ ತುಂಬುವ ಅನುಮತಿ ಬರಲಿ. ಪಾಲಕರ ಸಮಿತಿಯ ಬಾಯಿ ಕಟ್ಟಿದ ತಿದ್ದುಪಡಿಯನ್ನು, ಕಡೆಯ ಪಕ್ಷ ಹಣದ ವಿಷಯದಲ್ಲಿ, ಸಡಿಲಿಸಲಿ.

ಈ ಕೆಲಸವನ್ನು ಮೊದಲು ಆರಂಭಿಸಬೇಕಾದವರು ಯಾರು? ಮಠಗಳ ಆಶ್ರಯದ ಶಾಲೆಗಳೇ. ಮಠದ ಶಾಲೆ ಲೆಕ್ಕ ಓದಿದರೆ ಪಕ್ಕದ ಸಂಘದ ಶಾಲೆಗೂ ಓದದೆ ನಿರ್ವಾಹವಿಲ್ಲ. ಪಾಲಕರಾದ ವಾಚಕರಲ್ಲಿಯೂ ಒಂದು ವಿನಂತಿ. ಬರುವ ಪಾಲಕರ ಸಭೆಗೆ ತಪ್ಪದೆ ಹೋಗಿರಿ. ಮಗುವಿನ ಗುಣಗಳನ್ನು ಕೇಳಿದ ಮೇಲೆ, ಹೋದ ವರ್ಷ ಈ ಶಾಲೆಗೆ ಬಂದ ಹಣವೆಷ್ಟು, ಅದು ಎಲ್ಲಿಗೆ ಹೋಯಿತು ಎಂದು ಸಾವಕಾಶವಾಗಿ, ವಿನಯದಿಂದ ಕೇಳಿರಿ. ಉತ್ತರ ಬರುವವರೆಗೆ ಕುಳಿತುಕೊಳ್ಳಿರಿ.